ಅಪ್ಪನಿಗೆ ಓದಿ ಹೇಳು

ಟಲಹಾಸೀ, ಫ್ಲೋರಿಡಾ
ಸೋಮವಾರ ಬೆಳಿಗ್ಗೆ

ಅಮ್ಮಾ,

ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಗುರುವಾರ ಬಂತು, ಆಗಿನಿಂದ ಮನಸ್ಸು ಸರಿಯಿಲ್ಲ. ಅಪ್ಪ ರಿಟೈರ್ ಆಗಿ ಎರಡೇ ತಿಂಗಳು, ಅಷ್ಟರಲ್ಲೇ ಬಿಪಿ ಮಾತ್ರೆ ಬಿಟ್ಟು ಕೂತರೆ ಹೇಗಮ್ಮ? 170 ಅಂದರೆ ಹುಡುಗಾಟ ಅಲ್ಲ. ನಾಳೆಯೇ ಶೇಖರಣ್ಣನ ಜೊತೆ ಡಾಕ್ಟರ ಹತ್ತಿರ ಕಳಿಸು. ಒಪ್ಪದಿದ್ದರೆ ನಾನೇ ಹೊರಟು ಬರುತ್ತೇನೆ.

'30 ವರ್ಷ ಖೋ-ಖೋ ಆಡಿಸಿದೆ, ಒಂದು ಸ್ಟೇಟ್ ಕಪ್ ತರಲಿಲ್ಲ' ಅಂತ ಜಗಲಿಯಲ್ಲಿ ಒಬ್ಬರೇ ಕೂತು ಹೇಳಿಕೊಳ್ಳುತ್ತಾರೆ ಎಂದು ಬರೆದಿದ್ದೀಯಲ್ಲ, ಅದು ಬಿಪಿಗಿಂತ ಜಾಸ್ತಿ ಚುಚ್ಚಿತು. ಇಲ್ಲಿಂದ ಮುಂದಿನದನ್ನು ಅವರಿಗೆ ಓದಿ ಹೇಳು.

ಅಪ್ಪಾ, ಈ ಊರಲ್ಲಿ ಮೈಕ್ ಮಾರ್ಟಿನ್ ಅಂತ ಬೇಸ್‌ಬಾಲ್ ಕೋಚ್ ಇದ್ದರು. ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿ ತಂಡಕ್ಕೆ 1980ರಿಂದ 2019ರವರೆಗೆ, 40 ವರ್ಷ ಅವರೇ. ಓದುವಾಗ ಆಡಿದ್ದೂ ಇದೇ ತಂಡಕ್ಕೆ. ಇಲ್ಲಿ ಕೋಚ್‌ಗಳೂ ಹುಡುಗರ ಹಾಗೆಯೇ ನಂಬರ್ ಇರುವ ಡ್ರೆಸ್ ಹಾಕುತ್ತಾರೆ. 75 ವರ್ಷ ವಯಸ್ಸಿನಲ್ಲೂ ಅವರು 11ನೇ ನಂಬರಿನ ಶರ್ಟು ಹಾಕಿ ನಿಂತಿರುತ್ತಿದ್ದರಂತೆ, ನೀವು ಬಿಳಿ ಶೂ ಹಾಕಿ ಸೀಟಿ ಹಿಡಿದು ನಿಲ್ಲುತ್ತಿದ್ದಿರಲ್ಲ, ಹಾಗೆ. ಒಟ್ಟು 2,029 ಪಂದ್ಯ ಗೆದ್ದರು. ಒಂದು ವರ್ಷವೂ 40ಕ್ಕಿಂತ ಕಡಿಮೆ ಗೆಲುವಿಲ್ಲ.

ದೇಶದ ಕಾಲೇಜು ತಂಡಗಳ ಕಪ್ಪಿಗೆ ಪ್ರತಿ ಜೂನಿನಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ಎಂಟು ತಂಡ ಸೇರುತ್ತವೆ. ಅಲ್ಲಿಗೆ ಇವರು 17 ಸಲ ಹುಡುಗರನ್ನು ಕರೆದುಕೊಂಡು ಹೋದರು. 1986ರಲ್ಲಿ ಫೈನಲ್ ಸೋತರು, 1999ರಲ್ಲೂ ಸೋತರು. ಕೊನೆಗೂ ಕಪ್ ಸಿಗಲೇ ಇಲ್ಲ.

ಆದರೂ ಮೈದಾನಕ್ಕೆ ಅವರದೇ ಹೆಸರು, ಅದೂ 2005ರಲ್ಲಿ, ಅವರಿನ್ನೂ ಕೋಚ್ ಆಗಿದ್ದಾಗಲೇ ಇಟ್ಟದ್ದು. ಶಾರ್ಟ್‌ಸ್ಟಾಪ್ ಅನ್ನುವ ಫೀಲ್ಡಿಂಗ್ ಜಾಗದಲ್ಲಿ ಆಡುತ್ತಿದ್ದ ಬಸ್ಟರ್ ಪೋಸಿ ಇವರ ಕೈಕೆಳಗೇ ಕ್ಯಾಚರ್ ಆದ, ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ತರಹ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಜೊತೆ ಮೂರು ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ವೃತ್ತಿಪರ ಬೇಸ್‌ಬಾಲಿನ ದೊಡ್ಡ ಕಪ್, ಗೆದ್ದ. ಓಡಲಾಗಲ್ಲ ಅಂತ ಅಳುತ್ತಿದ್ದ ಪಮ್ಮಿಗೆ ಕಂಬದ ಹತ್ತಿರ ಡೈವ್ ಹೊಡೆಯಲು ಕಲಿಸಿದ್ದು ಯಾರಪ್ಪಾ? ಅವಳು ಇವತ್ತು ಪೊಲೀಸ್ ಕೆಲಸದಲ್ಲಿದ್ದಾಳೆ ಅಲ್ವಾ?

ನಿನ್ನೆ ಪಂದ್ಯಕ್ಕೆ ಹೋಗಿದ್ದೆ. ಐದನೇ ಇನ್ನಿಂಗ್ಸ್ ನಡುವೆ ಒಂದು ಸೆಕ್ಷನ್ನಿನವರೆಲ್ಲ ಎದ್ದು ನಿಂತು ಕೆನಡಾದ ರಾಷ್ಟ್ರಗೀತೆ ಹಾಡಿದರು! ಅಮೆರಿಕದವರೇ. ಬಹಳ ವರ್ಷದ ರೂಢಿಯಂತೆ. ನೀವಿದ್ದಿದ್ದರೆ ನೀವೂ ಎದ್ದು ನಿಲ್ಲುತ್ತಿದ್ದಿರಿ. ಮಾರ್ಟಿನ್ 2024ರಲ್ಲಿ ತೀರಿಕೊಂಡರು ಎಂದು ಪಕ್ಕದಲ್ಲಿ ಕೂತಿದ್ದ ಅಜ್ಜ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಕಪ್ಪಿನ ಮಾತೇ ಎತ್ತಲಿಲ್ಲ.

ಅಮ್ಮಾ, ನನ್ನ ಚಿಂತೆ ಬೇಡವೇ ಬೇಡ. ಅನ್ನ ಸಾರು ನಾನೇ ಮಾಡಿಕೊಳ್ಳುತ್ತೇನೆ, ಇಲ್ಲಿ ಚಳಿಯೂ ಇಲ್ಲ, ನಿದ್ದೆಯೂ ಚೆನ್ನಾಗಿ ಬರುತ್ತದೆ, ಎಲ್ಲಾ ಸರಿಯಿದೆ. ದುಡ್ಡು ಶುಕ್ರವಾರ ಹಾಕುತ್ತೇನೆ, ಮೊದಲು ಮಾತ್ರೆ ತರಿಸು. ಡಾಕ್ಟರ್ ಏನಂದರು ಅಂತ ಕೂಡಲೇ ಫೋನ್ ಮಾಡು, ಇಲ್ಲಿ ಮಧ್ಯರಾತ್ರಿಯಾದರೂ ಸರಿ. ಲ್ಯಾಬಿನ ಬಸ್ಸಿಗೆ ಹೊತ್ತಾಯ್ತು.

ನಿನ್ನ,
ಪುಟ್ಟಿ