ನಮ್ಮ ಭಾಷೆಗೆ ಪ್ಯಾಟರ್ನ್ ಮ್ಯಾಚಿಂಗ್ ಸೇರ್ಪಡೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬಿಲ್ಲಿಂಗ್ ನಿಯಮಗಳನ್ನು ಬರೆಯಲು ತಾವು ಬಳಸುತ್ತಿರುವ ನಮ್ಮ ಸ್ಕ್ರಿಪ್ಟಿಂಗ್ ಭಾಷೆಯ ಮುಂದಿನ ಆವೃತ್ತಿಯಲ್ಲಿ ಪ್ಯಾಟರ್ನ್ ಮ್ಯಾಚಿಂಗ್, ಅಂದರೆ ದತ್ತಾಂಶದ ಆಕಾರವನ್ನು ಗುರುತಿಸಿ ಅದರ ಭಾಗಗಳಿಗೆ ಹೆಸರು ಕೊಡುವ ಸಿಂಟ್ಯಾಕ್ಸ್ (ಬರೆಯುವ ಕ್ರಮ) ಸೇರುತ್ತಿದೆ. ಇದಕ್ಕಾಗಿ ತಾವು ಈಗಾಗಲೇ ಬರೆದಿಟ್ಟಿರುವ ಯಾವ ಕೋಡನ್ನೂ ತಿದ್ದಬೇಕಾಗಿಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇವೆ. ‘ಮ್ಯಾಚ್’ ಎಂಬ ಹೆಸರಿನ ಫಂಕ್ಷನ್ ಅಥವಾ ವೇರಿಯಬಲ್ ತಮ್ಮ ಫೈಲುಗಳಲ್ಲಿದ್ದರೆ ಅದು ಹಾಗೆಯೇ ನಡೆಯುತ್ತದೆ, ಪೈಥಾನ್ ಭಾಷೆಯ 3.10ನೇ ಆವೃತ್ತಿಯಲ್ಲಿ ಮಾಡಿದಂತೆ ನಾವೂ ಆ ಪದವನ್ನು ಸಾಫ್ಟ್ ಕೀವರ್ಡ್ ಆಗಿ ಇಟ್ಟಿದ್ದೇವೆ, ಅಂದರೆ ಹೊಸ ರಚನೆಯ ಆರಂಭದಲ್ಲಿ ಬಂದಾಗ ಮಾತ್ರ ಅದಕ್ಕೆ ವಿಶೇಷ ಅರ್ಥವಿರುತ್ತದೆ.

ಸಹಾಯ ಕೋರಿ ತಾವು ಕಳಿಸುವ ಕೋಡಿನಲ್ಲಿ ನಾವು ಮತ್ತೆ ಮತ್ತೆ ಕಾಣುವುದು ಒಂದೇ ಬಗೆಯ ತೊಡಕು. ಬಂದದ್ದು ಪಟ್ಟಿಯೇ, ಅದರಲ್ಲಿ ಮೂರು ಅಂಶಗಳಿವೆಯೇ, ಮೊದಲನೆಯದು ‘ಪಾವತಿ’ ಎಂಬ ಪದವೇ ಎಂದು ಒಂದರೊಳಗೊಂದು ಇಫ್ ಹಾಕಿ ಕೇಳಿ, ಆಮೇಲೆ ಎರಡನೆಯದನ್ನು ಮೊತ್ತವೆಂದೂ ಮೂರನೆಯದನ್ನು ದಿನಾಂಕವೆಂದೂ ಇಂಡೆಕ್ಸ್ (ಪಟ್ಟಿಯಲ್ಲಿನ ಸ್ಥಾನದ ಸಂಖ್ಯೆ) ಹಿಡಿದು ಎತ್ತಿಕೊಳ್ಳಬೇಕು. ಇಂಡೆಕ್ಸ್ ಒಂದು ಆಚೀಚೆಯಾದರೆ ಮೊತ್ತದ ಜಾಗದಲ್ಲಿ ದಿನಾಂಕ ಕುಳಿತಿರುತ್ತದೆ. ಇನ್ನು ಮುಂದೆ ಇಷ್ಟನ್ನೂ ‘ಕೇಸ್ ["ಪಾವತಿ", ಲೆಟ್ ಮೊತ್ತ, ಲೆಟ್ ದಿನಾಂಕ]’ ಎಂಬ ಒಂದೇ ಸಾಲಿನಲ್ಲಿ ಬರೆಯಬಹುದು. ದತ್ತಾಂಶದ ಆಕಾರ ಹೀಗಿದ್ದರೆ ಈ ಹೆಸರುಗಳಿಗೆ ಈ ಬೆಲೆಗಳನ್ನು ಕೊಡು ಎಂದು ಅದರ ಅರ್ಥ. ಎಂ.ಎಲ್., ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳನ್ನು ಬಲ್ಲವರಿಗೆ ಇದು ದಶಕಗಳ ಹಳೆಯ ಪರಿಚಯ. ಪೈಥಾನಿಗೆ ಇದು 2021ರ ಅಕ್ಟೋಬರಿನಲ್ಲಿ ಬಂತು, ಜಾವಾ ಭಾಷೆಯಲ್ಲಿ ಹಲವು ದಾರಿಗಳಲ್ಲೊಂದನ್ನು ಆರಿಸುವ ಸ್ವಿಚ್‌ಗೆ 2023ರಲ್ಲಿ, 21ನೇ ಆವೃತ್ತಿಯೊಂದಿಗೆ, ಪೂರ್ಣರೂಪದಲ್ಲಿ ಬಂತು. ನಾವು ತಡವಾಗಿ ಬಂದವರು.

ಮೇಲಿನ ಸಾಲಿನಲ್ಲಿರುವ ‘ಲೆಟ್’ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪೈಥಾನಿನಲ್ಲಿ ಕೇಸ್ ಮುಂದೆ ಬರಿಯ ಹೆಸರನ್ನು ಬರೆದರೆ ಅದು ಹೋಲಿಕೆಯಲ್ಲ, ಹೊಸ ಬೆಲೆಯನ್ನು ಹಿಡಿಯುವ ವೇರಿಯಬಲ್. ಈಗಾಗಲೇ ಇರುವ, ಬೆಲೆ ಬದಲಾಗದ ಕಾನ್‌ಸ್ಟಂಟ್ ಜೊತೆ ಹೋಲಿಸಬೇಕಾದರೆ ಹೆಸರಿನಲ್ಲಿ ಚುಕ್ಕೆಯಿರಬೇಕು. ನಮ್ಮ ಪ್ರಾಯೋಗಿಕ ಆವೃತ್ತಿಯೂ ಹೀಗೆಯೇ ಇತ್ತು. ಆಗ ನಮ್ಮದೇ ಪರೀಕ್ಷಾ ಕೋಡಿನ ಕೊನೆಯ ಸಾಲಿನಲ್ಲಿ, ಮೇಲೆ ಘೋಷಿಸಿದ್ದ ಕಾನ್‌ಸ್ಟಂಟ್ ಎಂದುಕೊಂಡು ‘ಕೇಸ್ ರದ್ದಾದದ್ದು’ ಎಂದು ಬರೆದಿದ್ದೆವು. ಅದು ಹೊಸ ವೇರಿಯಬಲ್ ಆಗಿ, ಮೇಲಿನ ಸಾಲುಗಳಿಗೆ ಹೊಂದದೆ ಉಳಿದ ಪ್ರತಿಯೊಂದು ಆರ್ಡರನ್ನೂ ಹಿಡಿದು ರದ್ದುಪಡಿಸಿತು, ಎರರ್ ಮಾತ್ರ ಒಂದೂ ಬರಲಿಲ್ಲ. ಇಂಥ ಸಾಲು ನಡುವೆ ಬಂದಿದ್ದರೆ ಮುಂದಿನ ಕೇಸ್‌ಗಳಿಗೆ ದಾರಿಯಿಲ್ಲವೆಂದು ಪೈಥಾನ್ ತಕರಾರು ತೆಗೆಯುತ್ತದೆ. ಕೊನೆಯಲ್ಲಿದ್ದರೆ ಅದು ತಪ್ಪೋ ಉದ್ದೇಶವೋ ಎಂದು ಅದಕ್ಕೂ ತಿಳಿಯುವಂತಿಲ್ಲ. ಆದ್ದರಿಂದ ನಮ್ಮ ಭಾಷೆಯಲ್ಲಿ ಬರಿಯ ಹೆಸರು ಎಂದರೆ ಹೋಲಿಕೆ, ಬೆಲೆಯನ್ನು ಹಿಡಿಯಬೇಕಾದರೆ ‘ಲೆಟ್’ ಬರೆಯಲೇಬೇಕು ಎಂದು ನಿರ್ಧರಿಸಿದೆವು. ಹ್ಯಾಸ್ಕೆಲ್ ರೂಢಿಯಿರುವ ನಮ್ಮ ಸಹೋದ್ಯೋಗಿಗಳು ಇದು ಬರೀ ಬೆರಳಿಗೆ ಕೆಲಸ ಎಂದು ಆಕ್ಷೇಪಿಸಿದರು, ಅವರ ಮಾತು ಪೂರ್ತಿ ತಪ್ಪೂ ಅಲ್ಲ; ಆದರೆ ಹಣದ ಲೆಕ್ಕ ಬರೆಯುವ ಭಾಷೆಯಲ್ಲಿ ನಾಲ್ಕು ಅಕ್ಷರ ಹೆಚ್ಚು ಬರೆಯುವುದೇ ಮೇಲು ಎಂದು ನಮಗೆ ತೋರಿತು.

ಯಾವ ಕೇಸ್‌ಗೂ ಹೊಂದದ ದತ್ತಾಂಶ ಬಂದರೆ ಪೈಥಾನ್ ಸುಮ್ಮನೆ ಮುಂದಿನ ಸಾಲಿಗೆ ಹೋಗುತ್ತದೆ, ರಸ್ಟ್ ಭಾಷೆಯ ಕಂಪೈಲರ್ (ಕೋಡನ್ನು ಓಡಿಸುವ ಮೊದಲೇ ಪರಿಶೀಲಿಸಿ ಅನುವಾದಿಸುವ ತಂತ್ರಾಂಶ) ಅಂಥ ಕೋಡನ್ನು ಒಪ್ಪುವುದೇ ಇಲ್ಲ. ನಮ್ಮದರಲ್ಲಿ ಟೈಪ್‌ಗಳನ್ನು (ದತ್ತಾಂಶದ ಬಗೆಗಳನ್ನು) ಮೊದಲೇ ಪರಿಶೀಲಿಸುವ ವ್ಯವಸ್ಥೆಯಿಲ್ಲವಾದ್ದರಿಂದ, ಓಡುವಾಗ ಸಾಲಿನ ಸಂಖ್ಯೆಯೊಂದಿಗೆ ಎರರ್ ಕೊಟ್ಟು ನಿಲ್ಲುತ್ತದೆ; ಉಳಿದದ್ದನ್ನು ಬಿಟ್ಟುಬಿಡುವುದೇ ತಮ್ಮ ಉದ್ದೇಶವಾದರೆ ಕೊನೆಯಲ್ಲಿ, ಯಾವುದಕ್ಕೂ ಹೊಂದುವ ‘ಕೇಸ್ _’ ಎಂದು ಬರೆಯಬೇಕು. ಪಟ್ಟಿಯ ಉದ್ದ ಸರಿಯಾಗಿ ಹೊಂದಲೇಬೇಕು, ಡಿಕ್ಷನರಿಯಲ್ಲಿ (ಪ್ರತಿ ಬೆಲೆಗೂ ‘ಕೀ’ ಎಂಬ ಹೆಸರಿರುವ ಸಂಗ್ರಹದಲ್ಲಿ) ಮಾತ್ರ ತಾವು ಹೆಸರಿಸದ ಹೆಚ್ಚುವರಿ ಕೀಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಸ್‌ಗಳನ್ನು ಮೇಲಿನಿಂದ ಕೆಳಕ್ಕೆ ನೋಡಲಾಗುವುದರಿಂದ, ‘ಮೊತ್ತ’ ಒಂದನ್ನೇ ಕೇಳುವ ಸಾಲು ಮೇಲಿದ್ದರೆ ‘ಮೊತ್ತ’ ಮತ್ತು ‘ರಿಯಾಯಿತಿ’ ಎರಡನ್ನೂ ಕೇಳುವ ಕೆಳಗಿನ ಸಾಲಿಗೆ ಸರದಿಯೇ ಬರುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಸರಿಯಾಗಿ ನಡೆಯುತ್ತಿರುವ ಇಫ್‌ಗಳನ್ನು ಬರೀ ಹೊಸತೆಂಬ ಕಾರಣಕ್ಕೆ ಬದಲಿಸಬೇಡಿ. ಹೊಸ ರಚನೆ ಬಳಸಿದ ಫೈಲು ಹಳೆಯ ಆವೃತ್ತಿಯಲ್ಲಿ ಓಡುವುದಿಲ್ಲವಾದ್ದರಿಂದ, ಎಲ್ಲ ಸರ್ವರ್‌ಗಳನ್ನೂ ಅಪ್‌ಡೇಟ್ ಮಾಡಿದ ನಂತರವೇ ಅದನ್ನು ಬಳಕೆಗೆ ತರಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಭಾಷಾ ಅಭಿವೃದ್ಧಿ ತಂಡ