ಬರ್ಮಾದ ಆನೆಗಳ ಫೋಟೋಗಳು: ಅಪ್ಪನಿಗೆ ಪತ್ರ

ಲಂಡನ್

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ? ಮೊನ್ನೆ ಫೋನಿನಲ್ಲಿ ಆನೆ ಫೋಟೋಗಳ ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ಅವು ಬ್ರಿಟಿಷರ ಕಾಲದ ಬರ್ಮಾದವು. ಕ್ಲಿಯರ್ ಎಂಬ ಜರ್ಮನಿಯವನು ಮೊದಲು ಮೌಲ್ಮೇನ್, ಆಮೇಲೆ ರಂಗೂನಿನಲ್ಲಿ ಸ್ಟುಡಿಯೋ ಇಟ್ಟಿದ್ದ. ಅವನಂಥವರು ತೆಗೆದ ಫೋಟೋಗಳನ್ನು ಬಂದುಹೋಗುವ ಯುರೋಪಿನವರು ಕೊಂಡು ಆಲ್ಬಮ್ಮಿಗೆ ಅಂಟಿಸುತ್ತಿದ್ದರು. ಹೆಚ್ಚಿನವು ಒಂದೇ ಥರ: ನದಿ ದಡದ ಮರದ ಅಡ್ಡೆ, ದಂತದ ಮೇಲೆ ತೇಗದ ದಿಮ್ಮಿ ಹೊತ್ತ ಸಲಗ, ಕತ್ತಿನ ಮೇಲೆ ಮಾವುತ.

ನೋಡಲು ಚೆಂದ. ಆದರೆ ಅಪ್ಪ, ಅದು ಆನೆಯ ಕೆಲಸದ ಕೊನೇ ತುಣುಕು ಅಷ್ಟೆ. ಹಸಿ ತೇಗ ನೀರಿನಲ್ಲಿ ತೇಲುವುದಿಲ್ಲ. ಹಾಗಾಗಿ ಕಾಡಿನಲ್ಲಿ ಮೊದಲು ಮರದ ಬುಡಕ್ಕೆ ಬಳೆಯಂತೆ ಸುತ್ತ ಕಚ್ಚು ಹಾಕಿ, ಎರಡು ಮೂರು ವರ್ಷ ನಿಂತಲ್ಲೇ ಒಣಗಲು ಬಿಡುತ್ತಿದ್ದರು. ಆಮೇಲೆ ಕಡಿದು, ಸರಪಳಿ ಬಿಗಿದು, ಆನೆಯಿಂದ ಹಳ್ಳದವರೆಗೆ ಎಳೆಸುತ್ತಿದ್ದರು. ಮಳೆಗಾಲದ ನೆರೆ ಬಂದಾಗ ದಿಮ್ಮಿಗಳು ತೇಲಿ ದೊಡ್ಡ ನದಿ ಸೇರುತ್ತಿದ್ದವು. ಅಲ್ಲಿಂದ ತೆಪ್ಪ ಕಟ್ಟಿ ರಂಗೂನಿಗೆ. ನೆರೆಯಲ್ಲಿ ದಿಮ್ಮಿಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಬಿಡಿಸಲು ಮತ್ತೆ ಆನೆಯೇ ನೀರಿಗಿಳಿಯಬೇಕು. ಜೀವಕ್ಕೇ ಅಪಾಯ. ರಾತ್ರಿ ಕಾಲಿಗೆ ಸರಪಳಿ ಹಾಕಿ, ಕೊರಳಿಗೆ ಮರದ ಗಂಟೆ ಕಟ್ಟಿ ಮೇಯಲು ಬಿಡುತ್ತಿದ್ದರು. ಬೆಳಿಗ್ಗೆ ಮಾವುತ ಗಂಟೆಯ ಸದ್ದು ಹಿಡಿದು ಹುಡುಕಿಕೊಂಡು ಹೋಗಬೇಕು.

ಇದೆಲ್ಲ ಫೋಟೋದಲ್ಲಿ ಯಾಕೆ ಕಡಿಮೆ ಅಂದರೆ, ಭಾರದ ಕ್ಯಾಮೆರಾ, ಗಾಜಿನ ಪ್ಲೇಟು ಹೊತ್ತು ಮಳೆಯ ಕಾಡಿಗೆ ಹೋಗುವುದೇ ಕಷ್ಟ. ಮರದಡಿಯ ಮಬ್ಬಿನಲ್ಲಿ ಅಲುಗಿದ್ದೆಲ್ಲ ಮಸುಕಾಗುತ್ತಿತ್ತು. ಅಡ್ಡೆಯಲ್ಲಾದರೆ ಬಿಸಿಲಿದೆ, ಆನೆಯನ್ನು ನಿಲ್ಲಿಸಬಹುದು. ಹೀಗಾಗಿ ಕಾಡು ಖಾಲಿಯಾದದ್ದು ಕಾಣುವುದೇ ಇಲ್ಲ, ಸಾಧು ಆನೆ ಮಾತ್ರ ಕಾಣುತ್ತದೆ. ಈ ತೇಗಕ್ಕಾಗಿ ಯುದ್ಧವೇ ಆಗಿದೆ ಗೊತ್ತಾ? ಲೆಕ್ಕಕ್ಕಿಂತ ಜಾಸ್ತಿ ದಿಮ್ಮಿ ಸಾಗಿಸಿದರೆಂದು ಬರ್ಮಾದ ರಾಜನ ದರ್ಬಾರು ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಬ್ರಿಟಿಷ್ ಕಂಪನಿಗೆ ದಂಡ ಹಾಕಿತು. ಬ್ರಿಟಿಷರು ಅದನ್ನೇ ನೆಪ ಮಾಡಿಕೊಂಡು 1885ರಲ್ಲಿ ರಾಜಧಾನಿ ಮಂಡಾಲೆಯನ್ನು ಹಿಡಿದರು.

ನನಗೆ ಜಾಸ್ತಿ ಕಾಡುವುದು ಮಾವುತರು. ಸ್ಟುಡಿಯೋದ ಹೆಸರಿದೆ, ಊರಿನ ಹೆಸರಿದೆ. ನಾನು ನೋಡಿದ ಒಂದರಲ್ಲೂ ಮಾವುತನ ಹೆಸರಿಲ್ಲ, ಆನೆಯದೂ ಇಲ್ಲ. ಆ ಆನೆ ಯಾರ ಮಾತು ಕೇಳಿ ದಿಮ್ಮಿ ಎತ್ತಿತೋ ಅವನ ಹೆಸರೇ ಬೇಡವಾಯಿತು, ಅಲ್ವಾ?

ನಾಲ್ಕೈದು ಪ್ರತಿ ಅಂಚೆಗೆ ಹಾಕುತ್ತೇನೆ. ಆನೆಗಳ ಎದೆಯ ಪಟ್ಟಿ ಉಜ್ಜುವ ಜಾಗದಲ್ಲಿ ಗಾಯದ ಗುರುತಿದೆಯೇ ಅಂತ ಭೂತಗನ್ನಡಿ ಹಿಡಿದು ನೋಡಿ, ನನಗೆ ಬರೆಯಿರಿ. ಅಮ್ಮನಿಗೂ ತೋರಿಸಿ.

ಇಂತಿ ನಿಮ್ಮ ಮಗಳು