ಸೆಕೆ ತಡಿಯಕ್ಕಾಗಲ್ಲ ಅಂತ ಪುಡಿ, ಮಾತ್ರೆ ತಗೊಳೋ ಮುಂಚೆ

ಮಾನ್ಯ ಸಂಪಾದಕರೇ,

ಬೇಸಿಗೆ ಶುರುವಾದ್ರೆ ಸಾಕು, ನಮ್ ವಿಜಯನಗರದ ಕಡೆ ಮೆಡಿಕಲ್ ಶಾಪಲ್ಲಿ ಎಲೆಕ್ಟ್ರೋಲೈಟ್ ಪುಡಿ (ಮೈಗೆ ಬೇಕಾದ ಉಪ್ಪಿನಂಶಗಳ ಪುಡಿ), ನೀರಿಗೆ ಹಾಕೋ ನೊರೆ ಮಾತ್ರೆ, ಮೆಗ್ನೀಸಿಯಂ, ಮಲ್ಟಿವಿಟಮಿನ್ ಎಲ್ಲಾ ಮುಂದೇನೇ ಇಟ್ಟಿರ್ತಾರೆ, ಸೆಕೆ ತಡಿಯಕ್ಕಾಗ್ತಿಲ್ಲ ಅಂತ ಹೋದೋರು ಯಾವ್ದೋ ಒಂದು ತಗೊಂಡು ಬರ್ತಾರೆ. ನಾನು ಲ್ಯಾಬಲ್ಲಿ ರಕ್ತ ತೆಗೆಯೋ ಕೆಲಸದವನು, ಈ ಕಥೆ ಕೇಳಿ ಕೇಳಿ ಬೇಜಾರಾಗಿ ಬರೀತಿದೀನಿ.

ಬಿಸಿಲಲ್ಲಿ ಬೆವರು ಸುರಿಸೋ ಗಾರೆ ಕೆಲಸದೋರಿಗೆ, ಡೆಲಿವರಿ ಹುಡುಗರಿಗೆ ನೀರು, ಉಪ್ಪು ಬೇಕೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮನೇಲಿ ಎಲ್ರೂ ಫ್ಯಾನ್ ಕೆಳಗೆ ಆರಾಮಾಗಿರುವಾಗ ಒಬ್ರಿಗೆ ಮಾತ್ರ ಮೈಯೆಲ್ಲಾ ಬೆಂಕಿ, ಎದೆ ಡವಡವ, ಕೈ ನಡುಕ, ಹೊಟ್ಟೆ ತುಂಬಾ ತಿಂದ್ರೂ ತೂಕ ಇಳೀತಿದೆ ಅಂದ್ರೆ ಅದು ಥೈರಾಯ್ಡ್ ಹಾರ್ಮೋನು ಜಾಸ್ತಿ ಆಗಿರೋದೂ ಇರ್ಬಹುದು. ಯಾವ ಪುಡಿಗೂ ಅದು ಬಗ್ಗಲ್ಲ. ಅಯೋಡಿನ್ ತುಂಬಿರೋ ಕೆಲ್ಪ್ (ಕಡಲ ಪಾಚಿ) ಮಾತ್ರೆ ತಗೊಂಡ್ರಂತೂ ಕೆಲವರಿಗೆ ಇನ್ನೂ ಜಾಸ್ತಿ ಆಗುತ್ತೆ.

ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಕೂದಲು ಉದುರುತ್ತೆ ಅಂತ ತಗೊಳೋ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೇಲಿ 10 ಮಿಲಿಗ್ರಾಂ ಇರೋದು ಮಾಮೂಲಿ, ದೊಡ್ಡೋರಿಗೆ ದಿನಕ್ಕೆ ಬೇಕಾಗಿರೋದು ಸುಮಾರು 30 ಮೈಕ್ರೋಗ್ರಾಂ ಅಷ್ಟೇ! ಅದು ರಕ್ತದಲ್ಲಿದ್ರೆ ಕೆಲವು ಮೆಷಿನ್‌ಗಳಲ್ಲಿ ಟಿಎಸ್‌ಎಚ್ ಕಮ್ಮಿ, ಟಿ4 ಜಾಸ್ತಿ (ಎರಡೂ ಥೈರಾಯ್ಡ್ ಟೆಸ್ಟಲ್ಲಿ ನೋಡೋ ಹಾರ್ಮೋನು) ಅಂತ ಸುಳ್ಳು ರಿಪೋರ್ಟ್ ಬರುತ್ತೆ, ಇಲ್ಲದ ಥೈರಾಯ್ಡ್ ಕಾಯಿಲೆ ಇದೆ ಅಂತ ಕಾಣುತ್ತೆ. ಟೆಸ್ಟಿಗೆ ಮುಂಚೆ ಕನಿಷ್ಠ 2 ದಿನ ನಿಲ್ಲಿಸ್ಬೇಕು, ಡೋಸ್ ತುಂಬಾ ಜಾಸ್ತಿ ಇದ್ರೆ ಇನ್ನೂ ಮುಂಚೆ, ಲ್ಯಾಬಲ್ಲೂ ಡಾಕ್ಟರ್ ಹತ್ರಾನೂ ಹೇಳ್ಬೇಕು. ದಯವಿಟ್ಟು ಮುಚ್ಚಿಡ್ಬೇಡಿ.

ಬಿಪಿ, ಅಲರ್ಜಿ, ಡಿಪ್ರೆಶನ್ ಮಾತ್ರೆಗಳಲ್ಲೂ ಕೆಲವು ಬೆವರು ಕಮ್ಮಿ ಮಾಡ್ತವೆ, ಕೆಲವು ಮೈ ನೀರು ಹೊರಗೆ ಹಾಕ್ತವೆ, ಸೆಕೆ ತಡಿಯಕ್ಕಾಗದೇ ಇರೋದು ಅದ್ರಿಂದಾನೂ ಇರುತ್ತೆ, ಹಾಗಂತ ನೀವೇ ನಿಲ್ಲಿಸಕ್ಕೆ ಹೋಗ್ಬೇಡಿ, ಡಾಕ್ಟರ್ ಹತ್ರ ಮಾತಾಡಿ. ಕಿಡ್ನಿ ತೊಂದ್ರೆ ಇರೋರಿಗೆ ಎಲೆಕ್ಟ್ರೋಲೈಟ್ ಪುಡೀಲಿರೋ ಪೊಟ್ಯಾಸಿಯಂ ಅಪಾಯ, ಎಳನೀರೂ ಅಷ್ಟೇ. 2025ರ ಅಕ್ಟೋಬರಲ್ಲಿ ಆಹಾರ ಸುರಕ್ಷತೆ ನೋಡ್ಕೊಳೋ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಸಕ್ಕರೆ ಪಾನೀಯಗಳ ಹೆಸರಲ್ಲಿ, ಭೇದಿಗೆ ಕೊಡೋ ಉಪ್ಪು-ಸಕ್ಕರೆ ನೀರಿನ ಹೆಸರಾದ ಓಆರ್‌ಎಸ್ ಅಂತ ಹಾಕೋ ಹಾಗಿಲ್ಲ ಅಂತ ಆರ್ಡರ್ ಮಾಡಿದ್ದು ಒಳ್ಳೇದೇ ಆಯ್ತು, ಆದ್ರೆ ಅಂಗಡೀಲಿ ಕೊಡೋರು ಬಿಪಿ ಇದ್ಯಾ, ಕಿಡ್ನಿ ಹೇಗಿದೆ, ಬೇರೆ ಏನ್ ಮಾತ್ರೆ ತಗೊಳ್ತೀರಾ ಅಂತ ಒಂದ್ ಮಾತು ಕೇಳ್ಬೇಕಲ್ವಾ?

ನಿಮ್ಮ ಆರೋಗ್ಯ ಪುಟದಲ್ಲಿ ಥೈರಾಯ್ಡ್ ಡಾಕ್ಟರ್ ಒಬ್ರ ಕೈಲಿ ಇದನ್ನ ವಿವರವಾಗಿ ಬರೆಸಿ, ಮಾರ್ಚ್ ಒಳಗೇ ಬಂದ್ರೆ ಜನಕ್ಕೆ ಉಪಯೋಗ ಆಗುತ್ತೆ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್
ವಿಜಯನಗರ, ಬೆಂಗಳೂರು